ಪಿಳ್ಳಪ್ಪನವರ ಹೆಸರಿಗೆ ಬರುತ್ತಿದ್ದ ಸಂದೇಶಗಳು

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ಒಂಬತ್ತನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟವಳು ನಾನು. ಸಾಲು ಬಲಕ್ಕೆ ಹೋದಷ್ಟೂ ಕೆಳಕ್ಕಿಳಿಯುತ್ತದೆ, ಒತ್ತಕ್ಷರ ಬಂದಾಗ ಕೈ ನಿಲ್ಲುತ್ತದೆ. ನನಗೆ ಗೊತ್ತಿರುವ ಪದಗಳೂ ಕಡಿಮೆ. ನಮ್ಮ ಹೋಬಳಿಯಲ್ಲಿ ನಿಮಗೆ ಹತ್ತಿರದಿಂದ ಗೊತ್ತಿರುವ ಒಬ್ಬರ ಬಗ್ಗೆ ಬರೆದುಕೊಡಿ, ಎಲ್ಲರದ್ದೂ ಸೇರಿಸಿ ಪುಸ್ತಕ ಮಾಡೋಣ ಎಂದು ಗ್ರಂಥಾಲಯದ ಮೂರ್ತಿ ಸಾರ್ ಕೇಳಿದ್ದರು. ನಾನು ಪದ್ಮಕ್ಕನ ಬಗ್ಗೆ ಬರೆಯುತ್ತಿದ್ದೇನೆ. ನಾನೇ ಕಂಡದ್ದನ್ನು ಮತ್ತು ಅವರ ಬಾಯಿಂದ ಕೇಳಿದ್ದನ್ನು ಮಾತ್ರ ಬರೆದಿದ್ದೇನೆ. ಸರಿಯಾಗಿ ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆದಿದ್ದೇನೆ.

ಪದ್ಮಕ್ಕನ ಪೂರ್ತಿ ಹೆಸರು ಡಿ.ಪಿ. ಪದ್ಮಶ್ರೀ. ದೊಡ್ಡಬೆಳವಂಗಲದವರು. ಅವರ ತಂದೆ ಪಿಳ್ಳಪ್ಪನವರು ಪಶು ಆಸ್ಪತ್ರೆಯಲ್ಲಿ ಜವಾನರಾಗಿದ್ದರು. ಹೆಣ್ಣುಮಗಳು ದಿನಾ ದೊಡ್ಡಬಳ್ಳಾಪುರಕ್ಕೆ ಹೋಗಿ ಟೈಪಿಂಗ್ ಕಲಿಯುವುದು ಬೇಡವೆಂದು ಮನೆಯವರೆಲ್ಲ ಹೇಳಿದಾಗ ಅವರೊಬ್ಬರೇ ಕಲಿಯಲಿ ಎಂದರಂತೆ. ಬೆಳಿಗ್ಗೆ ಬಸ್ಸು ಹತ್ತಿಸಿ ಹೋಗುತ್ತಿದ್ದರು, ಸಂಜೆ ಬಸ್ಸು ಬರುವ ಹೊತ್ತಿಗೆ ಬಸ್ಸು ನಿಲ್ಲುವ ಕಡೆಯ ಕಲ್ಲಿನ ಮೇಲೆ ಕೂತಿರುತ್ತಿದ್ದರು. ಮಗಳಿಗೆ ಕೆಲಸ ಸಿಕ್ಕಿದ್ದನ್ನು ನೋಡಲು ಅವರು ಉಳಿಯಲಿಲ್ಲ. ಈಗ ಪದ್ಮಕ್ಕ ಚಿಕ್ಕಮ್ಮ ಅಕ್ಕಯಮ್ಮನವರ ಜೊತೆ ಇದ್ದಾರೆ. ಮದುವೆಯಾಗಿಲ್ಲ. ಯಾಕೆ ಎಂದು ನಾನು ಕೇಳಿಲ್ಲ.

ಅವರಿಗೆ ಕೆಲಸ ಸಿಕ್ಕಿದ್ದು ನಮ್ಮ ಗುಲಾಬಿ ತೋಟದಲ್ಲಿ. ತೋಟ ಎಂದರೆ ಬಯಲಿನ ತೋಟ ಅಲ್ಲ. ಪ್ಲಾಸ್ಟಿಕ್ ಹೊದಿಸಿದ ದೊಡ್ಡ ದೊಡ್ಡ ಪಾಲಿಹೌಸ್‌ಗಳು. ಒಳಗೆ ಬೆಳೆದ ಗುಲಾಬಿಯನ್ನು ಮೊಗ್ಗಿನಲ್ಲೇ ಕತ್ತರಿಸಿ, ಕಡ್ಡಿಯ ಉದ್ದ ನೋಡಿ ಬೇರೆ ಬೇರೆ ಮಾಡಿ, ಕಟ್ಟು ಕಟ್ಟಿ, ರಟ್ಟಿನ ಪೆಟ್ಟಿಗೆಗೆ ತುಂಬಿ, ವಿಮಾನದಲ್ಲಿ ಹಾಲೆಂಡ್ ದೇಶಕ್ಕೆ ಕಳಿಸುತ್ತಾರೆ. ಹೂವು ಬಾಡುವ ಮುಂಚೆ ಅಲ್ಲಿ ಹರಾಜಾಗಬೇಕು. ಅದಕ್ಕೆ ಇವತ್ತು ಎಷ್ಟು ಪೆಟ್ಟಿಗೆ, ಯಾವ ಬಣ್ಣ, ಯಾವ ವಿಮಾನ ಎಂದು ಹೂವಿಗಿಂತ ಮುಂಚೆ ಸುದ್ದಿ ಅಲ್ಲಿಗೆ ತಲುಪಿರಬೇಕು. ಆ ಸುದ್ದಿ ಕಳಿಸುವುದು ಪದ್ಮಕ್ಕನ ಕೆಲಸ. ಆಫೀಸಿನ ಹಿಂದಿನ ಸಣ್ಣ ಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಫೋನು, ಎರಡರ ನಡುವೆ ಮೋಡೆಮ್ ಎಂಬ ಚಪ್ಪಟೆ ಡಬ್ಬ. ಧೂಳು ಬರಬಾರದೆಂದು ಬಾಗಿಲು ಮುಚ್ಚಿಯೇ ಇರಬೇಕು. ಊಟವನ್ನೂ ಅವರು ಅಲ್ಲೇ ಒಬ್ಬರೇ ಮಾಡುತ್ತಿದ್ದರು.

ನಾನು ಅಮ್ಮನ ಜೊತೆ ಹೂವು ಬೇರೆ ಮಾಡುವ ಶೆಡ್ಡಿನಲ್ಲಿದ್ದೆ. ಅಮ್ಮನ ಹೆಸರು ಭಾಗ್ಯಮ್ಮ. ಶೆಡ್ಡಿನ ಹೆಂಗಸರಿಗೆ ಪದ್ಮಕ್ಕನ ಮೇಲೆ ಒಂದು ತರಹ ಅಸಮಾಧಾನ ಇತ್ತು.

"ಬಾಗ್ಲಾಕ್ಕೊಂಡು ಮುದ್ದೆ ತಿಂತಾಳಲ್ಲ, ನಮ್ ಕಣ್ಣು ಬಿದ್ದೀತು ಅಂತಾನಾ?" ಎಂದು ಮುನಿವೆಂಕಟಮ್ಮ ಕೇಳುತ್ತಿದ್ದರು.

"ಹಾಲೆಂಡಿನೋರ ಜೊತೆ ಉಣ್ತಾಳೆ ಬಿಡಕ್ಕ. ನಮ್ಮುನ್ನ ಯಾಕೆ ಕರೀತಾಳೆ?" ಎಂದು ಅಮ್ಮ ನಗುತ್ತಿದ್ದರು.

ಪದ್ಮಕ್ಕನಿಗೆ ಇದು ಕೇಳಿಸುತ್ತಿತ್ತು. ಗೋಡೆ ಅಂಥ ದಪ್ಪದ್ದಲ್ಲ.

ಒಂದು ಸಲ ನನ್ನ ಬೆರಳಿಗೆ ಮುಳ್ಳು ಚುಚ್ಚಿ ಕೀವಾಯಿತು. ನೀರು ಮುಟ್ಟುವ ಹಾಗಿರಲಿಲ್ಲ. ಗಾಯ ವಾಸಿಯಾಗುವ ತನಕ ಪದ್ಮಕ್ಕನ ಹತ್ತಿರ ಕೂತು ಪೆಟ್ಟಿಗೆಯ ವಿವರ ಓದಿ ಹೇಳು ಎಂದು ನನ್ನನ್ನು ಕಳಿಸಿದರು. ಶಾಲೆಯಲ್ಲಿ ನಿಂತು ಓದು ಎಂದರೆ ನಾನು ಪುಸ್ತಕ ಮುಚ್ಚಿ ಕೂತುಬಿಡುತ್ತಿದ್ದೆ. ಇಲ್ಲಿ ಕೇಳುವವರು ಒಬ್ಬರೇ, ಅವರೂ ನನ್ನ ಮುಖ ನೋಡುತ್ತಿರಲಿಲ್ಲ, ಪರದೆ ನೋಡುತ್ತಿದ್ದರು. ಹಾಗಾಗಿ ಓದಲು ಆಯಿತು. ಬೆರಳು ವಾಸಿಯಾದ ಮೇಲೂ ಮಧ್ಯಾಹ್ನದ ಹೊತ್ತು ನನ್ನನ್ನು ಅಲ್ಲಿಗೇ ಕಳಿಸುತ್ತಿದ್ದರು.

ಮೋಡೆಮ್ ಮೊದಲು ಬೆಂಗಳೂರಿಗೆ ಫೋನು ಮಾಡುತ್ತಿತ್ತು. ಆ ಕಡೆಯ ಯಂತ್ರ ಎತ್ತಿಕೊಂಡರೆ ಕೀ ಎಂದು ಕೂಗಿ ಆಮೇಲೆ ಎಣ್ಣೆಗೆ ಒಗ್ಗರಣೆ ಬಿದ್ದ ಹಾಗೆ ಸದ್ದು ಮಾಡುತ್ತಿತ್ತು. ಹೊರದೇಶಕ್ಕೆ ಹೋಗುವ ದಾರಿ ಸರ್ಕಾರದ ಕೈಯಲ್ಲಿತ್ತು. ಯಾರು ಕಳಿಸಿದರೂ ಅದರ ಮೂಲಕವೇ ಹೋಗಬೇಕು, ಹಾಗಾಗಿ ಸಂಜೆಯಾದರೆ ದಾರಿ ಕಟ್ಟಿಕೊಳ್ಳುತ್ತಿತ್ತು. ಒಂದೊಂದು ದಿನ ಸುದ್ದಿಗಿಂತ ಮೊದಲು ಹೂವೇ ತಲುಪುತ್ತಿತ್ತಂತೆ.

ಹಾಲೆಂಡಿನಲ್ಲಿ ನಮ್ಮ ಸುದ್ದಿ ಓದುತ್ತಿದ್ದವರು ಮರೈಕೆ ಎಂಬ ಹೆಂಗಸು. ಹೂವಿನ ಏಜೆಂಟರ ಆಫೀಸಿನಲ್ಲಿ ಕೆಲಸ. ಅವರ ಸಂದೇಶವನ್ನು ನಾನು ಮೊದಲ ಸಲ ಓದಿದಾಗ ನನಗೆ ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ "ಪ್ರಿಯ ಪಿಳ್ಳಪ್ಪ" ಎಂದು ಶುರುವಾಗಿತ್ತು.

"ಅಕ್ಕ, ಇದು ನಮಗಲ್ಲ. ಯಾರೋ ಪಿಳ್ಳಪ್ಪ ಅನ್ನೋರಿಗೆ ಬಂದಿದೆ" ಎಂದೆ.

"ನಂಗೇ ಕಣೇ. ನಾನೇ ಪಿಳ್ಳಪ್ಪ" ಎಂದರು.

ನಾನು ತಮಾಷೆ ಎಂದುಕೊಂಡೆ. ಆಮೇಲೆ ಅವರು ವಿಷಯ ಹೇಳಿದರು.

ಆ ಯಂತ್ರ ಕೂರಿಸಲು ಬೆಂಗಳೂರಿನಿಂದ ಒಬ್ಬ ಎಂಜಿನಿಯರ್ ಬಂದಿದ್ದರಂತೆ. ಇಂಟರ್ನೆಟ್‌ಗೂ ಮುಂಚಿನ ಈ ಹಳೆಯ ಜಾಲದಲ್ಲಿ ವಿಳಾಸ ಅಂಚೆ ಕವರಿನ ಹಾಗೆ ಉದ್ದವಾಗಿ ಇರುತ್ತದೆ. ದೇಶ, ಸೇವೆ ಕೊಡುವವರು, ಕಂಪನಿ, ಆಮೇಲೆ ಮನುಷ್ಯರ ಹೆಸರಿಗೆ ಎರಡು ಜಾಗ. ಒಂದು ಕರೆಯುವ ಹೆಸರು, ಇನ್ನೊಂದು ಸರ್‌ನೇಮ್. ಎಂಜಿನಿಯರು ಸರ್‌ನೇಮ್ ಏನೆಂದು ಕೇಳಿದರು.

"ಹಂಗಂದ್ರೆ ಸಾರ್?"

"ಮನೆತನದ ಹೆಸರು. ಎಲ್ರಿಗೂ ಇರುತ್ತಲ್ಲ."

"ನಮ್ಮ ಕಡೆ ಇಲ್ಲ ಸಾರ್. ಇನಿಷಿಯಲ್ ಇದೆ. ಡಿ, ಪಿ."

"ಬಿಡಿಸಿ ಹೇಳಿ."

"ಡಿ ಅಂದ್ರೆ ದೊಡ್ಡಬೆಳವಂಗಲ. ಪಿ ಅಂದ್ರೆ ಪಿಳ್ಳಪ್ಪ."

ಅವರು ಸರ್‌ನೇಮ್ ಜಾಗದಲ್ಲಿ ದೊಡ್ಡಬೆಳವಂಗಲ ಎಂದು ಹೊಡೆದರು, ಹೆಸರಿನ ಜಾಗದಲ್ಲಿ ಪಿಳ್ಳಪ್ಪ ಎಂದು ಹೊಡೆದರು. ಜಾಗ ಮುಗಿಯಿತು. ಪದ್ಮಶ್ರೀ ಎಂಬುದಕ್ಕೆ ಎಲ್ಲೂ ಜಾಗ ಇರಲಿಲ್ಲ. ಸಾರ್, ನನ್ನ ಹೆಸರು ಎಂದು ಪದ್ಮಕ್ಕ ಬಾಯಿ ತೆಗೆಯುವಷ್ಟರಲ್ಲಿ ಅವರು ಗುಂಡಿ ಒತ್ತಿ ಎದ್ದು ಕೈ ಒರೆಸಿಕೊಂಡಿದ್ದರು. ಬದಲಾಯಿಸಬೇಕಾದರೆ ಬಾಂಬೆಯ ಮುಖ್ಯ ಕಚೇರಿಗೆ ಬರೆಯಬೇಕು ಎಂದರಂತೆ. ಪದ್ಮಕ್ಕ ಬರೆಯಲಿಲ್ಲ.

"ಆಮೇಲಾದ್ರೂ ಮರೈಕೆಯವ್ರಿಗೆ ಹೇಳ್ಬೋದಿತ್ತಲ್ಲಕ್ಕ" ಎಂದೆ.

"ಹೇಳ್ಬೋದಿತ್ತು. ಮೊದಲ್ನೇ ಸಲ ಹಂಗೆ ಬಂತು ನೋಡು, ಪ್ರಿಯ ಪಿಳ್ಳಪ್ಪ ಅಂತ. ಅಪ್ಪ ಹೋದ್ಮೇಲೆ ಆ ಹೆಸ್ರು ಯಾರ ಬಾಯಲ್ಲೂ ಕೇಳಿರ್ಲಿಲ್ಲ. ಮನೇಲಿ ಚಿಕ್ಕಮ್ಮ 'ಅವ್ರು' ಅಂತಾರೆ, ಊರಲ್ಲಿ 'ಸತ್ತೋದೋನು' ಅಂತಾರೆ. ಇಲ್ಯಾರೋ ದಿನಾ ಬೆಳಗಾದ್ರೆ ಹೆಸರಿಡ್ದು ಕೂಗ್ತಾರೆ. ಇರ್ಲಿ ಬಿಡು ಅನ್ಸ್ತು."

ಆ ದಿನ ಅವರು ಇಷ್ಟು ಮಾತಾಡಿದ್ದೇ ಹೆಚ್ಚು.

ಮರೈಕೆಯವರ ಸಂದೇಶದಲ್ಲಿ ಹೂವಿನ ಲೆಕ್ಕ ಮುಗಿದ ಮೇಲೆ ಕೊನೆಯಲ್ಲಿ ಒಂದೆರಡು ಸಾಲು ಬೇರೆ ಇರುತ್ತಿತ್ತು. ಕಾಲುವೆ ಹೆಪ್ಪುಗಟ್ಟಿದೆ, ಜನ ಅದರ ಮೇಲೆ ನಡೆಯುತ್ತಿದ್ದಾರೆ. ನಾನು ಬೆಕ್ಕು ಸಾಕಿದ್ದೇನೆ, ಅದಕ್ಕೆ ಒಂದು ಕಣ್ಣು ಕಾಣಿಸುವುದಿಲ್ಲ. ಮಧ್ಯಾಹ್ನ ನಾನೂ ಮೇಜಿನ ಹತ್ತಿರವೇ ಒಬ್ಬಳೇ ರೊಟ್ಟಿ ತಿನ್ನುತ್ತೇನೆ. ಹೀಗೆ. ಮೊದಮೊದಲು ಪದ್ಮಕ್ಕ ಉತ್ತರ ಬರೆಯುತ್ತಿರಲಿಲ್ಲವಂತೆ. ಬರೆದರೆ ಆಫೀಸಿನ ಲೈನು ಬಳಸಿದ ಹಾಗೆ ಆಗುತ್ತದೆ ಎಂದು ಭಯ. ಆಮೇಲೆ ಒಂದು ಸಾಲು ಬರೆದರು. ಆಮೇಲೆ ಎರಡು.

ಅವರು ಬರೆಯುವಾಗ ನಾನು ನೋಡುತ್ತಿದ್ದೆ. ನಿಘಂಟು ತೊಡೆಯ ಮೇಲಿರುತ್ತಿತ್ತು. ಒಂದು ಸಲ ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಎಂದರೇನು ಎಂದು ಇಂಗ್ಲಿಷಿನಲ್ಲಿ ತಿಳಿಸಬೇಕಾಯಿತು. ಇಬ್ಬರೂ ಸೇರಿ ಬಹಳ ಹೊತ್ತು ಯೋಚಿಸಿದೆವು. ಕೊನೆಗೆ, ಕಾಳನ್ನು ರಾತ್ರಿ ನೆನೆಸಿಡಬೇಕು, ಬೆಳಿಗ್ಗೆ ಎರಡು ಬೆರಳಲ್ಲಿ ಒತ್ತಿದರೆ ಅದು ಅಂಗಿ ಬಿಟ್ಟು ಹೊರಗೆ ಹಾರುತ್ತದೆ ಎಂದು ಬರೆದರು. ಕೆಲವು ದಿನದ ಮೇಲೆ ಮರೈಕೆಯವರು, ನಮ್ಮ ದೇಶದ ಕಾಳನ್ನು ನೆನೆಸಿ ಒತ್ತಿದೆ, ಒಂದೂ ಹಾರಲಿಲ್ಲ, ಬೆಕ್ಕು ಮಾತ್ರ ಹಾರಿತು ಎಂದು ಬರೆದಿದ್ದರು. ಪದ್ಮಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅವರು ನಗುವುದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

ಇನ್ನೊಂದು ಸಲ ಮರೈಕೆಯವರು, ಪಿಳ್ಳಪ್ಪ ಎಂದರೆ ಏನರ್ಥ, ಹೆಂಗಸಿಗೆ ಬಹಳ ಒಪ್ಪುವ ಹೆಸರು ಎಂದು ಕೇಳಿದ್ದರು. ತಾನು ಹೆಂಗಸು ಎಂದು ಪದ್ಮಕ್ಕ ಮುಂಚೆಯೇ ಬರೆದಿದ್ದರು. ಈಗ ನಿಘಂಟು ಮುಚ್ಚಿಟ್ಟು, ನಮ್ಮ ಮನೆಯಲ್ಲಿ ಹಿಂದಿನಿಂದ ಇರುವ ಹೆಸರು ಎಂದು ಬರೆದರು. ಸುಳ್ಳಲ್ಲ. ಆದರೆ ಅದಾದ ಮೇಲೆ ನಿಜ ಹೇಳುವುದು ಮೊದಲಿಗಿಂತ ಕಷ್ಟವಾಯಿತು.

ಪದ್ಮಕ್ಕನಿಗೆ ಪ್ರಪಂಚದಲ್ಲಿ ಮಾತಾಡಲು ಇದ್ದವರು ಮರೈಕೆಯವರೊಬ್ಬರೇ. ನಾನು ಪಕ್ಕದಲ್ಲಿದ್ದೆ, ಆದರೆ ನಾನು ಚಿಕ್ಕವಳು, ನನಗೂ ಮಾತು ಬರುವುದಿಲ್ಲ.

ಆ ವರ್ಷ ಎಲ್ಲರ ಬಾಯಲ್ಲೂ ಏರ್‌ಪೋರ್ಟಿನ ಮಾತು. ದೇವನಹಳ್ಳಿ ಕಡೆ ಜಮೀನು ಅಳೆದು ಕಲ್ಲು ನೆಟ್ಟಿದ್ದಾರೆ ಎಂದು ಹೂವಿನ ವ್ಯಾನಿನ ಕೊಂಡಪ್ಪಣ್ಣ ದಿನಾ ಸುದ್ದಿ ತರುತ್ತಿದ್ದರು.

"ಏರ್‌ಪೋರ್ಟ್ ಒಂದು ಇಲ್ಗೆ ಬಂದ್ಬಿಡ್ಲಿ ಪದ್ಮಮ್ಮ. ಈಗ ಬೆಂಗ್ಳೂರೆಲ್ಲಾ ಸುತ್ತಾಕ್ಕೊಂಡು ಹೋಗೋಷ್ಟ್ರಲ್ಲಿ ಹೂವೂ ಬಾಡ್ತದೆ, ನಾನೂ ಬಾಡ್ತೀನಿ. ಆಮ್ಯಾಕೆ ನೋಡಿ, ಇಲ್ಲಿ ಬೀಡಿ ಹಚ್ಚಿದ್ರೆ ಅದು ಆರೋಷ್ಟ್ರಲ್ಲಿ ವಿಮಾನ್ದಾಗೆ ಹೂವ!"

"ನಿನ್ನ ಬೀಡಿಗೆ ಬೆಂಕಿ ಕಡ್ಡಿನೂ ವಿಮಾನದಲ್ಲೇ ತರ್ಸಣ್ಣ" ಎಂದು ಶೆಡ್ಡಿನಿಂದ ಯಾರೋ ಕೂಗಿದರು.

ಯಜಮಾನರ ಮಗ ಸುನಿಲ್‌ಕುಮಾರ್ ಸಾರ್ ಬೆಂಗಳೂರಿನಲ್ಲಿ ಇನ್ನೊಂದು ಆಫೀಸು ತೆರೆದಿದ್ದರು. ಒಂದು ದಿನ ಬಂದು ನಮ್ಮ ಕೋಣೆಯ ಬಾಗಿಲಲ್ಲಿ ನಿಂತರು.

"ಪದ್ಮಶ್ರೀ, ಇನ್ನು ಈ ಹಳೇ ಪೆಟ್ಟಿಗೆ ಸಾಕು. ಇಂಟರ್ನೆಟ್ ತಗೊಂಡಿದ್ದೀನಿ. ಏರ್‌ಪೋರ್ಟ್ ಬರೋ ಹೊತ್ತಿಗೂ ಇದನ್ನೇ ಇಟ್ಕೊಂಡು ಕೂತಿದ್ರೆ ಫಾರಿನ್ನೋರು ನಗ್ತಾರೆ."

"ಹಾಲೆಂಡಿನೋರು ಇದ್ರಲ್ಲೇ ಇದಾರಲ್ಲ ಸಾರ್" ಎಂದರು ಪದ್ಮಕ್ಕ. ಅವರು ಸಾರ್‌ಗೆ ಎದುರು ಮಾತಾಡಿದ್ದು ನಾನು ನೋಡಿದ ಹಾಗೆ ಅದೊಂದೇ ಸಲ.

"ಅವ್ರೂ ಇವತ್ತಲ್ಲ ನಾಳೆ ಬರ್ತಾರೆ. ಅಲ್ಲೀವರ್ಗೂ ಇಂಟರ್ನೆಟ್ಟಿಂದ ಹಳೇದಕ್ಕೆ ಹೋಗೋಕೆ ದಾರಿ ಇದೆ. ನಮ್ಮ ಫ್ರೆಂಡ್ಸೆಲ್ಲಾ ಹಿಂದೆ ಜಗಳ ಆಡೋರು, ದೊಡ್ಡ ದೊಡ್ಡ ಸರ್ಕಾರಗಳು ಮಾಡಿದ್ದು ಇದು, ಇದೇ ನಿಲ್ಲುತ್ತೆ ಅಂತ. ಈಗ ನೋಡಿ, ಕಾಲೇಜ್ ಹುಡುಗ್ರ ಇಂಟರ್ನೆಟ್ಟೇ ಗೆದ್ದಿದ್ದು."

ಅವರು ಹೋದ ಮೇಲೆ ನನಗೆ ಅರ್ಥವಾಗಲಿಲ್ಲ, ಎರಡೂ ಫೋನಿನ ತಂತಿಯಲ್ಲೇ ಹೋಗುವುದಾದರೆ ಬೇರೆ ಹೇಗೆ ಎಂದು ಕೇಳಿದೆ. ಪದ್ಮಕ್ಕ ಹೀಗೆ ಹೇಳಿದರು: ಎರಡು ಯಂತ್ರ ಮಾತಾಡಬೇಕಾದರೆ ಮೊದಲು ಯಾರು, ಆಮೇಲೆ ಯಾರು, ವಿಳಾಸ ಎಲ್ಲಿ ಬರೆಯಬೇಕು ಎಂದು ಒಂದು ಕ್ರಮ ಬೇಕು. ಅದಕ್ಕೆ ಪ್ರೋಟೋಕಾಲ್ ಅನ್ನುತ್ತಾರೆ. ಒಬ್ಬೊಬ್ಬರು ಒಂದೊಂದು ಕ್ರಮ ಮಾಡಿಕೊಂಡಿದ್ದಾರೆ. ದೇವನಹಳ್ಳಿ ಕಡೆಯಿಂದ ಹಿಂದೆ ಚಿಕ್ಕ ಹಳಿಯ ರೈಲು ಬರುತ್ತಿತ್ತಲ್ಲ, ಹಾಗೆ. ಅದರಲ್ಲಿ ಬಂದ ಮೂಟೆಯನ್ನು ಯಲಹಂಕದಲ್ಲಿ ಇಳಿಸಿ ದೊಡ್ಡ ಹಳಿಯ ರೈಲಿಗೆ ಹೊತ್ತು ಹಾಕಬೇಕಿತ್ತು. ಇಳಿಸಿ ಹತ್ತಿಸುವ ಕಡೆಯೇ ಮೂಟೆ ಹರಿಯುವುದು, ಚೀಟಿ ಬಿದ್ದುಹೋಗುವುದು.

ಹಳೆಯ ಜಾಲದ ಕೊನೆಯ ದಿನ ಪದ್ಮಕ್ಕ ಮರೈಕೆಯವರಿಗೆ ಒಂದು ದೊಡ್ಡ ಸಂದೇಶ ಬರೆದಿಟ್ಟುಕೊಂಡಿದ್ದರು. ನಾಳೆಯಿಂದ ವಿಳಾಸ ಬೇರೆ, ಅಲ್ಲಿ ನನ್ನ ಹೆಸರೂ ಬೇರೆ ಇರುತ್ತದೆ, ಅದು ಯಾಕೆಂದು ಹೇಳುತ್ತೇನೆ ಎಂದು ಅದರಲ್ಲಿತ್ತು. ಹೂವಿನ ಲೆಕ್ಕ ಕಳಿಸಿದ ಮೇಲೆ ಕಳಿಸೋಣ, ಕೆಲಸ ಮೊದಲು ಎಂದರು. ಲೆಕ್ಕ ಹೋಯಿತು. ಮತ್ತೆ ಫೋನು ಮಾಡಿದರೆ ಆ ಕಡೆಯ ಯಂತ್ರ ಎತ್ತಿಕೊಂಡಿತು, ಆದರೆ ಗುರುತು ಒಪ್ಪಲಿಲ್ಲ. ಅಷ್ಟು ಹೊತ್ತಿಗೇ ನಮ್ಮ ಖಾತೆ ಮುಗಿದಿತ್ತು. ಸಂಜೆಯ ತನಕ ಇರುತ್ತದೆ ಎಂದು ಅವರು ತಿಳಿದುಕೊಂಡಿದ್ದರು.

"ಹೋಗ್ಲಿ ಬಿಡು. ನಾಳೆ ಹೊಸದ್ರಿಂದ ಕಳಿಸ್ತೀನಿ" ಎಂದರು. ಆದರೂ ಬಸ್ಸಿನ ಹೊತ್ತಾಗುವ ತನಕ ಮತ್ತೆ ಮತ್ತೆ ಗುಂಡಿ ಒತ್ತುತ್ತಲೇ ಇದ್ದರು.

ಹೊಸದರಲ್ಲಿ ಅವರ ವಿಳಾಸ ಚಿಕ್ಕದು. ಪದ್ಮಶ್ರೀ, ಆಮೇಲೆ ಒಂದು ಸುತ್ತಿದ ಗುರುತು, ಆಮೇಲೆ ಕಂಪನಿಯ ಹೆಸರು. ಸುನಿಲ್ ಸಾರ್ ಅದನ್ನು ನಮಗೆ ತೋರಿಸಿ ಒಂದು ಮಾತು ಹೇಳಿದರು. ಇಲ್ಲಿಂದ ಹೋಗುವ ಪ್ರತಿಯೊಂದು ಸಂದೇಶದ ಪ್ರತಿ ಬೆಂಗಳೂರಿನಲ್ಲಿ ತಮ್ಮ ಕಂಪ್ಯೂಟರಿಗೂ ಬರುತ್ತದೆ, ಅದಕ್ಕೆ ಬರೆಯುವುದು ನೀಟಾಗಿರಲಿ ಎಂದರು. ಅವರು ಬೈದು ಹೇಳಲಿಲ್ಲ. ಒಳ್ಳೆಯ ಮಾತಲ್ಲೇ ಹೇಳಿದರು. ಪದ್ಮಕ್ಕ ಆಗಲಿ ಸಾರ್ ಎಂದರು. ಆ ದೊಡ್ಡ ಸಂದೇಶವನ್ನು ಕಳಿಸಲಿಲ್ಲ.

ಬರೀ ಹೂವಿನ ಲೆಕ್ಕ ಕಳಿಸಿದರು. ಅದು ಹಿಂದಕ್ಕೆ ಬಂತು, ವಿಳಾಸ ತಿಳಿಯಲಿಲ್ಲ ಎಂದು. ಹೊಸ ಜಾಲದಿಂದ ಹಳೆಯ ಜಾಲಕ್ಕೆ ದಾಟಿಸುವ ಕಡೆ ಮರೈಕೆಯವರ ಉದ್ದ ವಿಳಾಸವನ್ನು ನಡುನಡುವೆ ಓರೆ ಗೆರೆ ಹಾಕಿ ಬರೆಯಬೇಕಿತ್ತು. ಒಂದು ಗೆರೆ ಹೆಚ್ಚಾದರೂ ವಾಪಸ್. ಪದ್ಮಕ್ಕ ಒಂದೊಂದಾಗಿ ಬದಲಾಯಿಸಿ ಕಳಿಸುತ್ತಾ ಹೋದರು, ಅವು ಒಂದೊಂದಾಗಿ ಹಿಂದಕ್ಕೆ ಬರುತ್ತಾ ಹೋದವು. ಅಷ್ಟು ದಿನ ಹೂವಿನ ಸುದ್ದಿಯನ್ನು ಸಾರ್ ಬೆಂಗಳೂರಿನಿಂದ ಫ್ಯಾಕ್ಸ್ ಮಾಡುತ್ತಿದ್ದರು. ಜೊತೆಗೆ ಹಾಲೆಂಡಿನ ಎಲ್ಲ ಏಜೆಂಟರಿಗೂ ಒಂದು ತಿಳುವಳಿಕೆ ಕಳಿಸಿದ್ದರು: ನಮ್ಮ ತೋಟ ಇಂಟರ್ನೆಟ್‌ಗೆ ಬಂದಿದೆ, ಇನ್ನು ಮುಂದೆ ಮಿಸ್ ಪದ್ಮಶ್ರೀ ಅವರನ್ನು ಸಂಪರ್ಕಿಸಿ. ಅದು ನಮಗೆ ಆಮೇಲೆ ತಿಳಿಯಿತು.

ಕೊನೆಗೆ ಒಂದು ಸಂದೇಶ ದಾಟಿತು. ದಾಟಿದ್ದು ನಮಗೆ ಗೊತ್ತಾಗಿದ್ದು ಉತ್ತರ ಬಂದಾಗ. ನಾನೇ ಓದಿದೆ, ಪದ್ಮಕ್ಕ ಟಿಫಿನ್ ಡಬ್ಬಿ ತೊಳೆಯಲು ಹೋಗಿದ್ದರು. ನಾನು ಬಾಗಿಲ ತನಕ ಓಡಿ "ಅಕ್ಕ, ಬಂತು" ಎಂದೆ. ಅವರು ಒದ್ದೆ ಕೈಯಲ್ಲೇ ಬಂದು ನಿಂತರು. ನನಗೆ ತಿಳಿದ ಮಟ್ಟಿಗೆ ಅದರಲ್ಲಿ ಹೀಗಿತ್ತು:

"ಪ್ರಿಯ ಮಿಸ್ ಪದ್ಮಶ್ರೀ, ನಿಮ್ಮ ಪಟ್ಟಿ ತಲುಪಿತು. ಹೊಸ ಕೆಲಸಕ್ಕೆ ಸ್ವಾಗತ. ನಿಮಗಿಂತ ಮುಂಚೆ ಅಲ್ಲಿ ಪಿಳ್ಳಪ್ಪ ಎಂಬುವರು ಇದ್ದರು. ಅವರು ಎಲ್ಲಿಗೆ ಹೋದರು, ನಿಮಗೆ ಗೊತ್ತೇ? ಅವರಿಗೆ ಹುಷಾರಿಲ್ಲವೇ? ಹೇಳದೆ ಹೋಗುವವರಲ್ಲ ಅವರು."

ಪದ್ಮಕ್ಕ ಕುರ್ಚಿಯಲ್ಲಿ ಕೂತರು. ಕೈ ಒರೆಸಿಕೊಳ್ಳಲಿಲ್ಲ. ಕೀಲಿಗಳ ಮೇಲೆ ನೀರು ಬಿದ್ದೀತು ಎಂದು ನಾನೇ ಬಟ್ಟೆ ಕೊಟ್ಟೆ.

"ಹೇಳ್ಬಿಡಿ ಅಕ್ಕ, ನಾನೇ ಅಂತ."

"ಹೆಂಗೆ ಹೇಳ್ಲಿ? ಪ್ರತಿ ಸಾರ್‌ಗೂ ಹೋಗುತ್ತೆ. ಇಷ್ಟು ದಿನ ಆಫೀಸ್ ಲೈನಲ್ಲಿ ಬೆಕ್ಕಿನ ವಿಷ್ಯ, ಅವ್ರೆಕಾಳಿನ ವಿಷ್ಯ ಬರೀತಿದ್ಲು, ಅದೂ ಅಪ್ಪನ ಹೆಸ್ರಲ್ಲಿ ಅಂತ ಅವ್ರು ಓದ್ಬೇಕಾ?"

"ಸಾರ್ ಏನೂ ಅನ್ನಲ್ಲ."

"ಏನೂ ಅನ್ನಲ್ಲ. ನಗ್ತಾರೆ ಅಷ್ಟೇ." ನಾನು ಕೊಟ್ಟ ಬಟ್ಟೆ ಮಡಿಸಿಡುತ್ತಾ ಹೇಳಿದರು: "ಮರೈಕೆಯವ್ರು ಏನಂದ್ಕೋತಾರೆ? ಇಷ್ಟು ದಿನ ಹೆಸರನ್ನೇ ಹೇಳ್ದೇ ಇದ್ಲಲ್ಲ, ಮಿಕ್ಕಿದ್ದೂ ಸುಳ್ಳೇ ಇರ್ಬೇಕು ಅಂತ ಅಂದ್ಕೊಂಡ್ರೆ?"

ಗೋಡೆಯಾಚೆ ಮುನಿವೆಂಕಟಮ್ಮ ಯಾರನ್ನೋ ರೇಗಿಸುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಪದ್ಮಕ್ಕ ಎರಡು ಸಲ ಏನೋ ಹೊಡೆದು ಅಳಿಸಿದರು. ಮೂರನೆಯ ಸಲ ಹೊಡೆದದ್ದನ್ನು ಅಳಿಸಲಿಲ್ಲ. "ಪಿಳ್ಳಪ್ಪ ಚೆನ್ನಾಗಿದ್ದಾರೆ. ಅವರು ತಮ್ಮ ಊರಿಗೆ ಹೋದರು." ಅಷ್ಟೇ. ಆಮೇಲೆ ಮಾರನೆಯ ದಿನದ ಪೆಟ್ಟಿಗೆಗಳ ಲೆಕ್ಕ ಬರೆದು ಕಳಿಸಿದರು.

ಉತ್ತರ ಬೇಗ ಬಂತು. ಹೂವಿನ ವಿಷಯ ಎಲ್ಲ ಇತ್ತು. ಕೊನೆಯಲ್ಲಿ, ದಯವಿಟ್ಟು ಅವರಿಗೆ ತಿಳಿಸಿ, ಮಧ್ಯಾಹ್ನ ರೊಟ್ಟಿ ತಿನ್ನುವಾಗ ಅವರ ನೆನಪಾಗುತ್ತದೆ ಎಂದು ಇತ್ತು.

ಪದ್ಮಕ್ಕ ಎದ್ದು ಕಿಟಕಿಯ ಹತ್ತಿರ ಹೋದರು. ಅಲ್ಲಿಂದ ಪಾಲಿಹೌಸಿನ ಪ್ಲಾಸ್ಟಿಕ್ ಬಿಟ್ಟರೆ ಏನೂ ಕಾಣುವುದಿಲ್ಲ.

"ನೀನೇ ಬರಿ. ತಿಳಿಸ್ತೀನಿ ಅಂತ ಬರಿ" ಎಂದರು.

ನಾನು ಇಂಗ್ಲಿಷಿನಲ್ಲಿ ಹೊಡೆದ ಮೊದಲ ವಾಕ್ಯ ಅದು. ಅಕ್ಷರ ಹುಡುಕಿ ಹುಡುಕಿ ಹೊಡೆದೆ. ಸರಿಯಾಗಿದೆಯಾ ಎಂದು ಅವರನ್ನು ಕೇಳಿದೆ. ಅವರು ತಿರುಗಿ ನೋಡದೆ ಸರಿಯಾಗಿರುತ್ತೆ ಕಳಿಸು ಎಂದರು.

ಆಮೇಲೆ ಮರೈಕೆಯವರು ಕೊನೆಯ ಸಾಲುಗಳನ್ನು ಬರೆಯುವುದು ನಿಲ್ಲಿಸಿದರು. ಮಿಸ್ ಪದ್ಮಶ್ರೀ ಎಂಬ ಗೊತ್ತಿಲ್ಲದ ಹೊಸಬಳಿಗೆ ಬೆಕ್ಕಿನ ವಿಷಯ ಯಾಕೆ ಬರೆಯುತ್ತಾರೆ? ಎಷ್ಟು ಪೆಟ್ಟಿಗೆ, ಯಾವ ವಿಮಾನ, ವಂದನೆಗಳು. ಪದ್ಮಕ್ಕ ಅದನ್ನು ಓದಿ ಅದೇ ತರಹ ಉತ್ತರ ಕಳಿಸುತ್ತಿದ್ದರು. ಹೊಸ ಜಾಲ ಹಳೆಯದಕ್ಕಿಂತ ಎಷ್ಟೋ ಬೇಗ ಹೋಗುತ್ತಿತ್ತು, ಅದನ್ನು ಒಪ್ಪಬೇಕು. ಕೆಲಸ ಬೇಗ ಮುಗಿಯುತ್ತಿತ್ತು. ಮುಗಿದ ಮೇಲೆ ಅವರು ಖಾಲಿ ಪರದೆಯ ಮುಂದೆ ಕೂತಿರುತ್ತಿದ್ದರು. ನಿಘಂಟನ್ನು ಮನೆಗೆ ತೆಗೆದುಕೊಂಡು ಹೋದರು.

ಯುಗಾದಿ ಕಳೆದ ಮೇಲೆ ಸುನಿಲ್ ಸಾರ್ ಸಂದೇಶ ಕಳಿಸುವ ಕೆಲಸವನ್ನೆಲ್ಲ ಬೆಂಗಳೂರಿನ ಆಫೀಸಿಗೇ ತೆಗೆದುಕೊಂಡರು. ಇಂಟರ್ನೆಟ್‌ನಲ್ಲಿ ಎಲ್ಲಿಂದ ಕಳಿಸಿದರೂ ಒಂದೇ ಎಂದರು. ಕಂಪ್ಯೂಟರ್ ವ್ಯಾನಿನಲ್ಲಿ ಹೋಯಿತು. ಹೂವಿನ ಪೆಟ್ಟಿಗೆಗಳ ನಡುವೆ ಅದನ್ನು ಹಗ್ಗದಲ್ಲಿ ಕಟ್ಟುತ್ತಾ ಕೊಂಡಪ್ಪಣ್ಣ, "ಏನ್ ಪದ್ಮಮ್ಮ, ಮಗಳನ್ನ ಗಂಡನ ಮನೆಗೆ ಕಳ್ಸಿದಂಗೆ ನೋಡ್ತಿದೀರಲ್ಲ" ಎಂದರು. ತಮಾಷೆಗೆ ಹೇಳಿದರು. ಪದ್ಮಕ್ಕನ ಮುಖ ನೋಡಿ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದರು. ಆ ಕೋಣೆಯಲ್ಲಿ ಈಗ ಖಾಲಿ ರಟ್ಟುಗಳನ್ನು ಇಟ್ಟಿದ್ದಾರೆ.

ಪದ್ಮಕ್ಕ ಶೆಡ್ಡಿಗೆ ಬಂದರು. ಈಗ ನನ್ನ ಎದುರಿನ ಮೇಜಿನಲ್ಲಿ ಕಡ್ಡಿಯ ಉದ್ದ ನೋಡುವ ಕೆಲಸ. ಹೆಂಗಸರು ಮೊದಲು ಸ್ವಲ್ಪ ದಿನ ಮಾತಾಡಿಸಲಿಲ್ಲ. ಆಮೇಲೆ ಮುನಿವೆಂಕಟಮ್ಮನೇ ಊಟದ ಹೊತ್ತಿಗೆ, "ಬಾರಮ್ಮ, ಇಲ್ಲಿ ಬಾಗ್ಲೂ ಇಲ್ಲ ಹಾಕ್ಕೊಳ್ಳಾಕೆ" ಎಂದು ಚಾಪೆಯ ಮೇಲೆ ಜಾಗ ಮಾಡಿದರು. ಪದ್ಮಕ್ಕ ಕೂತರು. ಎಲ್ಲರೂ ಮಾತಾಡುವಾಗ ಅವರು ಕೇಳಿಸಿಕೊಳ್ಳುತ್ತಾರೆ, ನಗಬೇಕಾದ ಕಡೆ ನಗುತ್ತಾರೆ. ಆದರೆ ಅಷ್ಟು ಜನರ ನಡುವೆ ಕೂತಾಗ ಅವರು ಆ ಮುಚ್ಚಿದ ಕೋಣೆಯಲ್ಲಿದ್ದಾಗಿನದಕ್ಕಿಂತ ಹೆಚ್ಚು ಒಂಟಿಯಾಗಿ ಕಾಣುತ್ತಾರೆ. ಇದನ್ನು ಹೇಗೆ ಬರೆಯುವುದೋ ನನಗೆ ಗೊತ್ತಾಗಲಿಲ್ಲ. ನಾಲ್ಕು ಸಲ ಬರೆದು ಹೊಡೆದುಹಾಕಿ ಇಷ್ಟು ಉಳಿಸಿದ್ದೇನೆ.

ಇದನ್ನು ಬರೆಯುವುದಕ್ಕೆ ಅವರ ಒಪ್ಪಿಗೆ ಕೇಳಿದೆ.

"ಬರ್ಕೋ. ನಮ್ ಹೋಬಳಿಯೋರು ತಾನೆ ಓದೋದು? ಹಾಲೆಂಡಿಗೇನೂ ಹೋಗಲ್ಲವಲ್ಲ" ಎಂದರು.

"ಹೋದ್ರೆ ಏನಾಗ್ತಿತ್ತು ಅಕ್ಕ?"

ಅವರು ಕೈಯಲ್ಲಿದ್ದ ಗುಲಾಬಿಯ ಕೆಳಗಿನ ಎಲೆ ಕೀಳುತ್ತಾ ಇದ್ದರು. ಎಲ್ಲ ಎಲೆಯೂ ಕಿತ್ತ ಮೇಲೆ ಹೇಳಿದರು: "ಪಿಳ್ಳಪ್ಪ ಊರಲ್ಲೂ ಇಲ್ಲ ಅಂತ ಗೊತ್ತಾಗ್ತಿತ್ತು."

ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಈಗ ಒಂದು ಇಂಟರ್ನೆಟ್ ಅಂಗಡಿ ತೆರೆದಿದ್ದಾರೆ. ಅಮ್ಮನ ಜೊತೆ ಹೋದಾಗ ನಾನು ಹೊರಗಿನಿಂದ ನೋಡಿದೆ, ಒಳಗೆ ಹೋಗಲು ನಾಚಿಕೆಯಾಯಿತು. ಆಮೇಲೆ ಅಮ್ಮನನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಹೋಗಿ ಎರಡು ಮಾತು ಕೇಳಿಕೊಂಡು ಬಂದೆ. ಅಲ್ಲಿಂದ ಹಾಲೆಂಡಿಗೆ ಸಂದೇಶ ಕಳಿಸಬಹುದು. ಅದರ ಪ್ರತಿ ಬೇರೆ ಯಾರಿಗೂ ಹೋಗುವುದಿಲ್ಲ. ಮರೈಕೆಯವರ ಆಫೀಸಿನವರೂ ಈಗ ಇಂಟರ್ನೆಟ್‌ಗೆ ಬಂದಿದ್ದಾರೆ, ಅವರ ಚಿಕ್ಕ ವಿಳಾಸ ಹೂವಿನ ಪೆಟ್ಟಿಗೆಯ ಮೇಲೇ ಅಚ್ಚಾಗಿರುತ್ತದೆ.

ಪದ್ಮಕ್ಕನಿಗೆ ಹೇಳಿದೆ. "ನೋಡೋಣ" ಎಂದರು. ಅವರು ನೋಡೋಣ ಎಂದರೆ ಬೇಡ ಎಂದೇ ಅರ್ಥ ಇರುತ್ತದೆ. ಆದರೆ ಸ್ವಲ್ಪ ಹೊತ್ತಾದ ಮೇಲೆ, ಆ ಅಂಗಡಿಯಲ್ಲಿ ಹೆಂಗಸರು ಕೂರುತ್ತಾರಾ ಎಂದು ಕೇಳಿದರು. ಕೂತಿದ್ದರು ಎಂದೆ. ನಿಜವಾಗಿಯೂ ಒಬ್ಬರು ಕೂತಿದ್ದರು.

ಬರುವ ಭಾನುವಾರ ನಮಗೆ ರಜೆ ಇದೆ. ಬೆಳಗಿನ ಬಸ್ಸಿಗೆ ನಾನು ದೊಡ್ಡಬೆಳವಂಗಲಕ್ಕೆ ಹೋಗಿ ಪದ್ಮಕ್ಕನನ್ನು ಕರೆಯುತ್ತೇನೆ. ಬಂದರೆ ಇಬ್ಬರೂ ಆ ಅಂಗಡಿಗೆ ಹೋಗುತ್ತೇವೆ. ಬರದಿದ್ದರೆ ಅದರ ಮುಂದಿ‌ನ ಭಾನುವಾರ ಮತ್ತೆ ಹೋಗಿ ಕರೆಯುತ್ತೇನೆ.